ರೊಟ್ಟಿಗೆ ಏಳದ ಇಬ್ಬರು

ಚರ್ಚಿನಲ್ಲಿ ಎಲ್ಲರೂ ಎದ್ದರು. ಅವಳು ಮಾತ್ರ ಏಳಲಿಲ್ಲ.

ಇದೇನು ಹೊಸದಲ್ಲ ಬಿಡಿ. ಐದು ವರ್ಷದಿಂದ ಹೀಗೇ. ಪಾಸ್ಟರ್ ಪ್ರಭುವಿನ ಭೋಜನದ ರೊಟ್ಟಿ ಮುರಿದು ಎಲ್ಲರನ್ನೂ ಮುಂದೆ ಕರೆಯುತ್ತಾರೆ, ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತವೆ, ಮೂರನೇ ಬೆಂಚಿನ ತುದಿಯಲ್ಲಿ ಇವಳೊಬ್ಬಳು ಕೈಕಟ್ಟಿಕೊಂಡು ಗೋಡೆ ನೋಡುತ್ತಾ ಕೂತಿರುತ್ತಾಳೆ. ಸೋಜಿಗವೆಂದರೆ, ಆ ರೊಟ್ಟಿ ಬೇಯಿಸಿ ತಂದುಕೊಡುವವಳು ಅವಳೇ! ಊರಿಗೆಲ್ಲ ಹಂಚುವ ಕೈ ತನ್ನ ಬಾಯಿಗೆ ಒಂದು ಚೂರನ್ನೂ ಇಟ್ಟುಕೊಳ್ಳುವುದಿಲ್ಲ.

ಕಾರಣ ಎಲ್ಲರಿಗೂ ಗೊತ್ತು. ರೊಟ್ಟಿಗೆ ಕರೆಯುವ ಮೊದಲು ಪಾಸ್ಟರ್ ಪ್ರತಿ ವಾರ ಒಂದೇ ಮಾತು ಹೇಳುತ್ತಾರೆ. ಯಾರ ಮೇಲಾದರೂ ನಿಮಗೆ ಸಿಟ್ಟಿದ್ದರೆ, ಇಲ್ಲವೇ ನಿಮ್ಮ ಮೇಲೆ ಯಾರಿಗಾದರೂ ಸಿಟ್ಟಿದ್ದರೆ, ಮೊದಲು ಹೋಗಿ ರಾಜಿಯಾಗಿ, ಆಮೇಲೆ ಬನ್ನಿ. ಉಳಿದವರು ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಇವಳಿಗೆ ಆ ವಿದ್ಯೆ ಬರಲಿಲ್ಲ. 'ನಂಗೆ ಸಿಟ್ಟಿದೆ. ಸಾಯೋತನಕ ಇರುತ್ತೆ. ಅದಕ್ಕೇ ಕೂತಿರ್ತೀನಿ' ಎಂದು ದೇವರಿಗೇ ಹೇಳಿಬಿಟ್ಟಿದ್ದಳು.

ಆ ಭಾನುವಾರ ಹಿಂದಿನಿಂದ ಯಾರೋ ಕೆಮ್ಮಿದರು. ಎಲ್ಲರೂ ಮುಂದೆ ಹೋಗಿರುವಾಗ ಹಿಂದೆ ಯಾರಪ್ಪಾ ಎಂದು ತಿರುಗಿದಳು.

ಕೊನೆಯ ಬೆಂಚಿನಲ್ಲಿ ಅವನು ಕೂತಿದ್ದ.

ಸೊರಗಿದ್ದ, ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಆದರೆ ಆ ಕಣ್ಣು... ಅದನ್ನು ಮರೆಯುವುದುಂಟೇ? ಒಂದು ಕಾಲದಲ್ಲಿ ಇವಳನ್ನು ಮದುವೆಯಾಗಲು ಕಾದಿದ್ದವನ ಕಣ್ಣು. ಇವಳ ತಮ್ಮನನ್ನು ಮಣ್ಣಿಗೆ ಕಳಿಸಿದವನ ಕಣ್ಣು.

ಅವನೂ ರೊಟ್ಟಿಗೆ ಎದ್ದಿರಲಿಲ್ಲ. 'ಏಳೋಕೆ ಯಾವ ಮುಖ ಇದೆ ಇವನಿಗೆ' ಎಂದುಕೊಂಡಳು.

ಗೇಟಿನ ಹೊರಗೆ ಅವನನ್ನು ತಡೆದು ನಿಲ್ಲಿಸಿದಳು.

"ಇಲ್ಲಿಗ್ಯಾಕೆ ಬಂದೆ?"

"ನಿಮ್ಮಮ್ಮ ಕರೆಸಿದ್ರು. ಪಾಸ್ಟರ್ ಫೋನ್ ಮಾಡಿದ್ರು. ನೀನು ಬೇಡ ಅಂದ್ರೆ ಈಗ್ಲೇ ವಾಪಸ್ ಹೋಗ್ತೀನಿ."

ಬೇಡ ಎನ್ನಲು ಬಾಯಿ ತೆರೆದಳು. ಆದರೆ ಹಾಗೆನ್ನಲಿಲ್ಲ.

ಅದಕ್ಕೆ ಕಾರಣ ಹೇಳಬೇಕೆಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅವನನ್ನು ಊರೆಲ್ಲ ಕರೆಂಟ್ ಎಂದೇ ಕರೆಯುತ್ತಿತ್ತು. ವೈರಿಂಗ್ ಕೆಲಸದವನು. ಅಪ್ಪ ಸತ್ತ ಮೇಲೆ ಅಮ್ಮ, ಮಗಳು, ಮಗ ಮೂವರೂ ಸೇರಿ ನಡೆಸುತ್ತಿದ್ದ ಬೇಕರಿಗೆ ದೀಪ ಸರಿಮಾಡಲು ಬಂದವನು ಮಗಳ ಮೇಲೇ ಮನಸ್ಸಿಟ್ಟ. ಮೂಗಿನ ತುದಿಯಲ್ಲೇ ಇರುವ ಅವಳ ಸಿಟ್ಟು ನೋಡಿ 'ಮೆಣಸು' ಎಂದು ಹೆಸರಿಟ್ಟ. ತಮ್ಮನಿಗಂತೂ ಅವನು 'ಕರೆಂಟ್ ಭಾವ'. ಅಕ್ಕನ ಹತ್ತಿರ ಹುಷಾರು, ಶಾಕ್ ಹೊಡೆಯೋದು ನಿನಗೇ ಎಂದು ರೇಗಿಸುತ್ತಿದ್ದ. ಆಗೆಲ್ಲ ಆ ಮನೆಯಲ್ಲಿ ನಗುವಿಗೆ ಬರವಿರಲಿಲ್ಲ.

ಕರೆಂಟ್‌ಗೆ ಒಂದು ಅಭ್ಯಾಸವಿತ್ತು. ಯಾವ ಯಂತ್ರ ಬಿಚ್ಚಿದರೂ ಮೊದಲು ಬೋರ್ಡಿನಿಂದ ಫ್ಯೂಸ್ ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುವುದು. ಹೊರಗಿಟ್ಟರೆ ಯಾರಾದರೂ ಗೊತ್ತಿಲ್ಲದೆ ಮತ್ತೆ ಸಿಕ್ಕಿಸಿಬಿಡುತ್ತಾರೆ ಎಂದು ತಮ್ಮನಿಗೂ ಪಾಠ ಹೇಳಿದ್ದ. ಅಂಥವನು, ಹಿಟ್ಟು ನಾದುವ ಯಂತ್ರ ಕೆಟ್ಟ ಮಧ್ಯಾಹ್ನ ವೈರು ತರಲೆಂದು ಬೀದಿಗೆ ಹೋಗಿದ್ದಾಗ, ಯಂತ್ರದೊಳಗೆ ಕೈಯಿಟ್ಟಿದ್ದ ತಮ್ಮನಿಗೆ ಶಾಕ್ ಹೊಡೆಯಿತು. ಜನ ಓಡಿಬಂದು ನೋಡಿದರೆ ಫ್ಯೂಸ್ ಬೋರ್ಡಿನಲ್ಲೇ ಇತ್ತು. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು.

ಫ್ಯೂಸ್ ತೆಗೆಯೋದನ್ನೇ ಮರೆತ ಎಂದಿತು ಊರು. ಕೇಳಿದವರಿಗೆಲ್ಲ ಅವನು ಹೇಳಿದ್ದು ಒಂದೇ ಮಾತು. ತಪ್ಪು ನಂದೇ. ಅದರ ಹಿಂದೆ ಮುಂದೆ ಏನೂ ಇಲ್ಲ.

ಹೂಳುವ ದಿನ ಶವಪೆಟ್ಟಿಗೆಗೆ ಹೆಗಲು ಕೊಡಲು ಬಂದಿದ್ದ. ಅವಳು ಅವನ ಕೈ ಕಿತ್ತು ಹಾಕಿದಳು. "ಕೊಂದ ಕೈಯಲ್ಲಿ ಹೊರಬೇಡ" ಎಂದಳು, ಎಲ್ಲರ ಎದುರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಹಾಗೆ. ಅಂದೇ ಅವನು ಊರು ಬಿಟ್ಟ.

ಈಗ ಅಮ್ಮ ಹಾಸಿಗೆ ಹಿಡಿದಿದ್ದಳು. ಇನ್ನು ಹೆಚ್ಚು ದಿನ ಇಲ್ಲ ಎಂದು ಡಾಕ್ಟರ್ ಹೇಳಿಯಾಗಿತ್ತು. ಅದಕ್ಕಿಂತ ಮಗಳ ಕರುಳು ಹಿಂಡುತ್ತಿದ್ದದ್ದು ಬೇರೆಯೇ. ಜ್ವರವಿದ್ದರೂ ಚರ್ಚಿನ ರೊಟ್ಟಿ ತಪ್ಪಿಸದಿದ್ದ ಜೀವ, ಪಾಸ್ಟರ್ ಮನೆಗೇ ತಂದುಕೊಟ್ಟರೆ ತುಟಿ ಬಿಗಿದು ಗೋಡೆಯ ಕಡೆ ಹೊರಳುತ್ತಿದ್ದಳು. ಮಗಳು ಗೋಗರೆದರೆ, ಅವನನ್ನ ಕರೆಸು, ಆಮೇಲೆ ಎನ್ನುತ್ತಿದ್ದಳು.

ನಾನು ಅವನ ಜೊತೆ ರಾಜಿಯಾಗಲಿ ಅಂತ ಅಮ್ಮ ಹಟ ಹಿಡಿದಿದ್ದಾಳೆ ಎಂದು ಅವಳು ತಿಳಿದಳು. ಅವನ ವಿಳಾಸ ಹುಡುಕಲು ಒಪ್ಪಿರಲಿಲ್ಲ. ಆದರೆ ಪಾಸ್ಟರ್ ಹುಡುಕಿಬಿಟ್ಟಿದ್ದರು. 'ರೊಟ್ಟಿ ತಗೊಳ್ಳದೆ ಅಮ್ಮ ಕಣ್ಣು ಮುಚ್ಚಿಬಿಟ್ರೆ? ನನ್ನ ಸಿಟ್ಟಿಗೆ ಅವಳು ಉಪವಾಸ ಹೋಗ್ಬೇಕಾ?'

ಗೇಟಿನ ಹತ್ತಿರ ನಿಂತು ಇಷ್ಟೂ ಯೋಚಿಸಿದಳು. ಬಾಯಲ್ಲಿ ಒಂದು ಮಾತು ಹೇಳಿದರಾಯಿತು, ಅಮ್ಮನಿಗೋಸ್ಕರ. ಮನಸ್ಸು ತನ್ನ ಪಾಡಿಗೆ ತಾನಿರಲಿ.

"ಊಟ ಆದ್ಮೇಲೆ ಮನೆಗೆ ಬಾ" ಎಂದಳು, ಅವನ ಮುಖ ನೋಡದೆ.

ಬೇಕರಿಯ ಮೇಲಿನ ಕೋಣೆ. ಕೆಳಗಿನ ಒಲೆಯ ಬಿಸಿ ನೆಲದಿಂದ ಬರುತ್ತಿತ್ತು. ಅಮ್ಮನನ್ನು ದಿಂಬುಗಳಿಗೆ ಒರಗಿಸಿ ಕೂರಿಸಿದ್ದರು. ಪಾಸ್ಟರ್ ಕುರ್ಚಿಯಲ್ಲಿ, ತೊಡೆಯ ಮೇಲೆ ರೊಟ್ಟಿಯ ಪುಟ್ಟ ಡಬ್ಬಿ. ಅವನು ಬಾಗಿಲಲ್ಲೇ ನಿಂತ. ಅಮ್ಮ ಅವನನ್ನು ನೋಡಿದ್ದೇ ತಡ, ಕಣ್ಣೀರು ಧಾರಾಕಾರ ಇಳಿಯಿತು.

ಮಗಳಿಗೆ ಬೇಗ ಮುಗಿಸಿಬಿಡಬೇಕಿತ್ತು.

"ನಿನ್ನ ಕ್ಷಮಿಸಿದೀನಿ" ಎಂದಳು, ಗಿರಾಕಿಗೆ ಚಿಲ್ಲರೆ ಎಣಿಸಿಕೊಡುವ ದನಿಯಲ್ಲಿ. "ಸಾಕೇನಮ್ಮ? ಈಗ ತಗೋ."

ಪಾಸ್ಟರ್ ಡಬ್ಬಿ ತೆರೆದರು. ಅಮ್ಮ ಕೈಯೆತ್ತಿ ತಡೆದಳು.

"ಬಾಯಲ್ಲಿ ಹೇಳ್ದೆ ಮಗಳೇ. ನಂಗೊತ್ತಾಗುತ್ತೆ. ನಾನೂ ಐದು ವರ್ಷ ಬಾಯಲ್ಲೇ ತಿಂದೋಳು."

"ಏನಮ್ಮ ಹಾಗಂದ್ರೆ?"

"ಫ್ಯೂಸ್ ಸಿಕ್ಕಿಸಿದ್ದು ನಾನು ಕಣೇ."

ಅವನು, "ಬೇಡ ಬಿಡಿಮ್ಮಾ" ಎಂದ. ಅಮ್ಮ ಬಿಡಲಿಲ್ಲ. ಉಸಿರು ಸಿಕ್ಕಷ್ಟು ಸಿಕ್ಕಷ್ಟು ಹೇಳುತ್ತಾ ಹೋದಳು. ಆ ಮಧ್ಯಾಹ್ನ ಹಿಟ್ಟು ಹುಳಿಯಾಗುತ್ತಿತ್ತು. ಅಮ್ಮ ಅವಸರದಲ್ಲಿ ನಾದುವ ಕೋಣೆಯ ಹೊರಗಿನ ಓಣಿಗೆ ಬಂದಳು. ಒಳಗೆ ಮಗ ಯಂತ್ರದಲ್ಲಿ ಕೈಯಿಟ್ಟಿರುವುದು ಅಲ್ಲಿಂದ ಕಾಣುತ್ತಿರಲಿಲ್ಲ. ಬೋರ್ಡಿನ ಪಕ್ಕದ ಶೆಲ್ಫಿನ ಮೇಲೆ ಫ್ಯೂಸ್ ಬಿದ್ದಿತ್ತು. ಕೆಲಸ ಮುಗಿಸಿ ಮರೆತು ಹೋಗಿದ್ದಾನೆ, ಇವನ ತಲೆಯಲ್ಲಿ ಮದುವೆ ಬಿಟ್ಟು ಬೇರೇನಿದೆ ಎಂದು ತನ್ನಲ್ಲೇ ನಗುತ್ತಾ ಸಿಕ್ಕಿಸಿದಳು.

"ಇವನು ಎಲ್ರಿಗಿಂತ ಮೊದ್ಲು ಓಡಿ ಬಂದಾಗ ನನ್ನ ಕೈ ಇನ್ನೂ ಬೋರ್ಡ್ ಮೇಲೇ ಇತ್ತು. ಕೈ ನೋಡ್ದ, ನನ್ನ ಮುಖ ನೋಡ್ದ. ಆಮೇಲೆ ಎಲ್ರ ಮುಂದೆ ತಪ್ಪು ನಂದೇ ಅಂದ. ನಾನು ಬಾಯಿ ಬಿಡ್ಲಿಲ್ಲ... ಪೆಟ್ಟಿಗೆ ಹತ್ರ ನೀನು ಅವನ ಕೈ ಕಿತ್ತಾಗ್ಲೂ ಬಿಡ್ಲಿಲ್ಲ."

"ಯಾಕಮ್ಮ?"

"ನೀನು ನನ್ನ ಅಮ್ಮ ಅಂತ ಕರೆಯೋದು ನಿಲ್ಲಿಸ್ಬಿಡ್ತೀಯ ಅಂತ ಹೆದರ್ಕೊಂಡೆ." ಅಮ್ಮ ಕೈ ಚಾಚಿದಳು. "ಹೊಟ್ಟೆಗೆ ಹಾಕ್ಕೊಳ್ತೀಯಾ?"

ಅವಳು ಆ ಕೈ ಹಿಡಿಯಲಿಲ್ಲ. ಎದ್ದು ದಡದಡನೆ ಮೆಟ್ಟಿಲಿಳಿದಳು.

ನಾದುವ ಕೋಣೆಯಲ್ಲಿ ಹೊಸ ಯಂತ್ರವಿತ್ತು. ಓಣಿಯಲ್ಲಿ ಅದೇ ಬೋರ್ಡು, ಅದೇ ಶೆಲ್ಫು. ಶೆಲ್ಫಿನ ಮೇಲೆ ಈಗ ಉಪ್ಪಿನ ಡಬ್ಬಿಗಳು. ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದಳೋ, ಹಿಂದೆ ಹೆಜ್ಜೆ ಸಪ್ಪಳವಾಯಿತು.

"ನಂಗಾದ್ರೂ ಹೇಳ್ಬಹುದಿತ್ತು" ಎಂದಳು, ತಿರುಗದೆ.

"ಮಗನ್ನ ಕಳ್ಕೊಂಡಿರೋ ತಾಯಿ ಮೇಲೆ ಅದನ್ನೂ ಹೊರಿಸ್ಲಾ? ಮತ್ತೆ ನಾನು ಸುಳ್ಳೇನೂ ಹೇಳ್ಲಿಲ್ಲ. ತಪ್ಪು ನಂದೇ. ಶೆಲ್ಫ್ ಮೇಲಿದ್ರೆ ಯಾರಾದ್ರೂ ಸಿಕ್ಕಿಸ್ತಾರೆ ಅಂತ ಗೊತ್ತಿದ್ದೋನು ನಾನೇ ತಾನೆ."

"ಮತ್ಯಾಕೆ ಅಲ್ಲಿಟ್ಟೆ? ಯಾವಾಗ್ಲೂ ಜೇಬಲ್ಲಿ ಇಟ್ಕೊಳ್ತಿದ್ದೋನು..."

ಅವಳು ತಿರುಗಿ ನೋಡಿದಳು. ಅವನ ಕೈ ಪ್ಯಾಂಟಿನ ಜೇಬಿನ ಮೇಲಿತ್ತು.

"ಜೇಬಲ್ಲಿ ಉಂಗುರದ ಡಬ್ಬಿ ಇತ್ತು. ಅವತ್ತು ಬೆಳಿಗ್ಗೆ ತಗೊಂಡಿದ್ದೆ. ಬಿಳೀ ಡಬ್ಬಿ. ಫ್ಯೂಸ್ ತುಂಬಾ ಮಸಿ ಇತ್ತು, ಡಬ್ಬಿ ಕೊಳೆಯಾದ್ರೆ ನೀನು ಬೈತೀಯ ಅಂತ... ಒಂದ್ನಿಮಿಷಕ್ಕೆ ಅಂತ ಅಲ್ಲಿಟ್ಟೆ."

ಇದನ್ನು ಅವನು ಯಾರಿಗೆ ತಾನೇ ಹೇಳಿಕೊಂಡಾನು? ನಿನಗೆ ತಂದ ಉಂಗುರಕ್ಕೆ ನಿನ್ನ ತಮ್ಮ ಹೋದ ಎಂದು ಅವಳಿಗೆ ಹೇಳಲಾದೀತೇ? ಅದಕ್ಕೇ ಊರು ಬಿಟ್ಟಿದ್ದ. ಅವಳು ನೆಲದ ಮೇಲೆ ಕುಸಿದು, ಹಿಟ್ಟು ಮೆತ್ತಿದ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವನು ಹತ್ತಿರ ಬರಲಿಲ್ಲ. ಹೋಗಲೂ ಇಲ್ಲ.

ಮೇಲೆ ಅಮ್ಮ ಕೆಮ್ಮಿದಳು.

ಆ ಕೆಮ್ಮು ಕೇಳಿ ಅವಳಿಗೆ ಐದು ವರ್ಷದ ಭಾನುವಾರಗಳೆಲ್ಲ ಕಣ್ಣ ಮುಂದೆ ಬಂದವು. ಪಕ್ಕದಲ್ಲೇ ಕೂತಿರುತ್ತಿದ್ದ ಅಮ್ಮ. ಪಾಸ್ಟರ್ ಕರೆದಾಗ ಒಂದು ಕ್ಷಣ ಬೆಂಚು ಹಿಡಿದುಕೊಂಡು, ಆಮೇಲೆ ಏಳುತ್ತಿದ್ದಳು. ಮಂಡಿನೋವು ಎಂದುಕೊಂಡಿದ್ದಳಲ್ಲ ಇವಳು... ಏಳದಿದ್ದರೆ ಮಗಳು ಯಾಕೆ ಎಂದು ಕೇಳುತ್ತಾಳೆ. ಎದ್ದರೆ ದೇವರು ನೋಡುತ್ತಾನೆ. ಆ ರೊಟ್ಟಿ ಅವಳ ಗಂಟಲಲ್ಲಿ ಹೇಗೆ ಇಳಿಯಿತೋ!

'ನಾನಾದ್ರೂ ಕೂತಿದ್ದೆ. ಅವಳಿಗೆ ಕೂರೋಕೂ ಆಗ್ಲಿಲ್ಲ.'

ಕಣ್ಣೊರೆಸಿಕೊಂಡು ಮೆಟ್ಟಿಲು ಹತ್ತಿದಳು. ಅಮ್ಮ ಗೋಡೆಯ ಕಡೆ ಹೊರಳಿದ್ದಳು. ಮಗಳು ಬರುವುದಿಲ್ಲ ಎಂದೇ ತೀರ್ಮಾನಿಸಿಬಿಟ್ಟಿದ್ದಳೋ ಏನೋ.

"ಅಮ್ಮಾ."

ಅಮ್ಮನ ಬೆನ್ನು ಅಲುಗಿತು.

"ಅಮ್ಮಾ... ಇಲ್ನೋಡಮ್ಮಾ. ಅಮ್ಮಾ..."

ಅದೊಂದನ್ನು ಬಿಟ್ಟು ಬೇರೇನೂ ಹೇಳಲಾಗಲಿಲ್ಲ ಅವಳಿಗೆ. ಅಮ್ಮ ನಿಧಾನವಾಗಿ ಹೊರಳಿ ಮಗಳ ಕಣ್ಣನ್ನೇ ನೋಡಿದಳು, ಬಹಳ ಹೊತ್ತು. ಈ ಸಲ ಬಾಯಿಂದಲ್ಲ ಎಂದು ಖಾತ್ರಿಯಾಯಿತೇನೋ, ಪಾಸ್ಟರ್ ಕಡೆ ತಿರುಗಿ ಮಗುವಿನ ಹಾಗೆ ಬಾಯಿ ತೆರೆದಳು.

ಮಗಳು ಬೇಯಿಸಿದ ರೊಟ್ಟಿ. ಒಂದು ಚೂರು. ಅಮ್ಮ ಅದನ್ನು ಕಣ್ಣು ಮುಚ್ಚಿಕೊಂಡು ನಿಧಾನವಾಗಿ ತಿಂದಳು.

ಪಾಸ್ಟರ್ ಇನ್ನೊಂದು ಚೂರನ್ನು ಇವಳತ್ತ ಚಾಚಿದರು. ಅವಳು ತಲೆಯಾಡಿಸಿದಳು. ನನ್ನ ಮೇಲೆ ಸಿಟ್ಟಿರಬೇಕಾದವರು ಒಬ್ಬರಿದ್ದಾರೆ, ಅದು ಬಾಕಿಯಿದೆ ಎಂದಳು.

ಬುಧವಾರ ಬೆಳಿಗ್ಗೆ ಅಮ್ಮ ಹೋದಳು. ಮಗಳ ಕೈ ಹಿಡಿದುಕೊಂಡೇ ಹೋದಳು.

ಸಮಾಧಿಯ ದಿನ, ಅಮ್ಮ ಕೇಳಿಕೊಂಡಿದ್ದಂತೆ ಪಾಸ್ಟರ್ ಎಲ್ಲರ ಎದುರು ನಡೆದದ್ದನ್ನು ಹೇಳಿದರು. ಊರು ತಲೆ ತಗ್ಗಿಸಿತು. ಪೆಟ್ಟಿಗೆ ಎತ್ತುವ ಹೊತ್ತಾಯಿತು. ಅವನು ಎಲ್ಲರಿಗಿಂತ ಹಿಂದೆ, ಗೇಟಿಗೆ ಒರಗಿ ನಿಂತಿದ್ದ. ಕರೆಯದೆ ಮುಂದೆ ಬರುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಅವಳು ಜನರನ್ನು ಸೀಳಿಕೊಂಡು ಹೋದಳು. ಅವನ ಮಣಿಕಟ್ಟು ಹಿಡಿದು ಕರೆತಂದು, ಆ ಕೈಯನ್ನು ಪೆಟ್ಟಿಗೆಯ ಮುಂದಿನ ಮೂಲೆಯ ಮೇಲೆ ತಾನೇ ಇಟ್ಟಳು.

ಅವನು ಹೆಗಲು ಕೊಟ್ಟ. ದಾರಿಯುದ್ದಕ್ಕೂ ಅಳುತ್ತಲೇ ಹೊತ್ತ. ಅದು ಒಬ್ಬರಿಗಾಗಿ ಅತ್ತ ಅಳುವಲ್ಲ ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಭಾನುವಾರ ಬಂತು. ಮನೆಯಲ್ಲಿ ಒಬ್ಬಳೇ ಇದ್ದರೂ ಅವಳು ರೊಟ್ಟಿ ತಪ್ಪಿಸಲಿಲ್ಲ. ಪಾಸ್ಟರ್ ಅದನ್ನು ಮುರಿದು ಎಲ್ಲರನ್ನೂ ಕರೆದರು. ಎಲ್ಲರೂ ಎದ್ದರು. ಅವಳೂ ಎದ್ದಳು. ಎಲ್ಲರೂ ಮುಂದೆ ಹೋದರೆ ಅವಳು ಹಿಂದೆ ಹೋದಳು. ಕೊನೆಯ ಬೆಂಚಿನಲ್ಲಿ ಅವನ ಪಕ್ಕ ಕೂತಳು.

"ನನ್ನ ಮೇಲೆ ನಿಂಗೇನಾದ್ರೂ ಇದ್ಯಾ?" ಎಂದು ಕೇಳಿದಳು. "ಇದ್ರೆ ಹೇಳ್ಬಿಡು. ಇಲ್ಲ ಅಂತ ಸುಮ್ನೆ ಅನ್ಬೇಡ."

ಅವನು ಯೋಚಿಸಿದ.

"ಇತ್ತು. ಅವತ್ತು ಅವನ ಪೆಟ್ಟಿಗೆ ಮುಟ್ಟೋಕೆ ಬಿಡ್ಲಿಲ್ವಲ್ಲ, ಅದೊಂದು. ಅವನು ನಂಗೂ ತಮ್ಮನೇ ಆಗಿದ್ದ."

"ತಪ್ಪಾಯ್ತು" ಎಂದಳು. ಈ ಮಾತು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. "ನನ್ನನ್ನ ಕ್ಷಮಿಸ್ಬಿಡು."

"ಯಾವತ್ತೋ ಕ್ಷಮಿಸಿಯಾಯ್ತು. ನಿಂಗೆ ನನ್ನ ಮೇಲೆ?"

"ದುಃಖ ಇದೆ. ಅದು ಹೋಗಲ್ಲ. ಸಿಟ್ಟು ಹುಡುಕಿದೆ, ಸಿಗ್ಲಿಲ್ಲ."

ಮುಂದೆ ಹೋದವರೆಲ್ಲ ವಾಪಸ್ ಬಂದು ಕೂರುತ್ತಿದ್ದರು. ತಟ್ಟೆಯಲ್ಲಿ ಇನ್ನೂ ಎರಡು ಚೂರು ಉಳಿದಿದ್ದವು. ಪಾಸ್ಟರ್ ಅದನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದರು, ಅವಸರವಿಲ್ಲದೆ.

"ಆ ಬಿಳೀ ಡಬ್ಬಿ... ಇನ್ನೂ ಇದ್ಯಾ?" ಎಂದು ಪಿಸುಗುಟ್ಟಿದಳು.

"ಮನೇಲಿ ಟ್ರಂಕಲ್ಲಿದೆ, ಬಟ್ಟೆ ಕೆಳಗೆ. ಅವತ್ತಿಂದ ಜೇಬಲ್ಲಿ ಫ್ಯೂಸ್ ಬಿಟ್ಟು ಬೇರೇನೂ ಇಡಲ್ಲ ನಾನು."

"ಹಾಗೇ ಮಾಡು. ಜೇಬು ಫ್ಯೂಸ್‌ಗೇ ಇರ್ಲಿ." ಅವಳು ಕಣ್ಣೊರೆಸಿಕೊಂಡು, ಹಿಟ್ಟಿನ ಬಿಳುಪು ಹೋಗದ ತನ್ನ ಎಡಗೈಯನ್ನು ಅವನ ಅಂಗೈಯ ಮೇಲೆ ಇಟ್ಟಳು. "ಉಂಗುರ ಇಲ್ಲಿರ್ಲಿ."

ಅವನ ಬೆರಳುಗಳು ಆ ಕೈಯನ್ನು ಮುಚ್ಚಿಕೊಂಡವು.

"ಏಳು ಮೆಣಸು" ಎಂದ. "ಪಾಸ್ಟರ್ ಕಾಯ್ತಿದಾರೆ."

ಇಬ್ಬರೂ ಎದ್ದರು.