ಓದದೆ ಸುಟ್ಟ ಓಲೆ

ಕೆಂಚರಸನ ವಿಷಯಕ್ಕೆ ನಾವಿಬ್ಬರೂ ಮೊದಲ ದಿನವೇ ಜಗಳವಾಡಿದೆವು.

ಹನ್ನೊಂದು ವರ್ಷದ ಹಿಂದಿನ ಮಾತು. ನಾನು ಆಂಧ್ರದ ಗಡಿಯ ಅಮರಾಪುರದಿಂದ ರಾಯದುರ್ಗಕ್ಕೆ ಬಿ.ಇಡಿ. ಓದಲು ಹೋಗಿದ್ದೆ. ಕನ್ನಡಕ್ಕಿದ್ದವರು ಒಂಬತ್ತೇ ಮಂದಿ. ಟೆಂತ್ ಕ್ಲಾಸಿನ ನಾಟಕದ ಪಾಠವೊಂದಕ್ಕೆ ಜೋಡಿಯಾಗಿ ಲೆಸನ್ ಪ್ಲಾನ್ ಬರೆಯಿರಿ ಎಂದು ಮೇಷ್ಟ್ರು ನನ್ನನ್ನು ಡಿ. ಹಿರೇಹಾಳ್‌ನ ಸಿದ್ದರಾಮೇಶ್ ಜೊತೆ ಹಾಕಿದರು.

ನಾಟಕದ ಕೆಂಚರಸ ಇಪ್ಪತ್ತು ವರ್ಷದ ಪಾಳೇಗಾರ. ಅಣ್ಣ ದ್ರೋಹ ಮಾಡಿದನೆಂದು ಅರೆಬರೆ ಕೇಳಿ, ಅವನು ಕಳಿಸಿದ ಓಲೆಯನ್ನು ಓದದೆಯೇ ಸುಡುತ್ತಾನೆ. ಅಣ್ಣ ಅದರಲ್ಲಿ ಕೋಟೆಯನ್ನೇ ತಮ್ಮನಿಗೆ ಬಿಟ್ಟುಕೊಟ್ಟಿದ್ದಾನೆಂದು ನಾಟಕ ನೋಡುವವರಿಗೆಲ್ಲ ಗೊತ್ತು. ಅವನೊಬ್ಬನಿಗೆ ಗೊತ್ತಿಲ್ಲ.

“ಇಂಥ ಸಿಟ್ಟಿನ ಮನುಷ್ಯಾನ್ನ ಹುಡುಗರಿಗೆ ಯಾಕ ಕಲಿಸ್ಬೇಕ್ರಿ?” ಎಂದರು ಸಿದ್ದರಾಮೇಶ್.

“ಪಾಪ ಕಣ್ರೀ, ಚಿಕ್ಕ ವಯಸ್ಸು. ನೋವಾದಾಗ ಯಾರು ತಾನೆ ನಿಧಾನವಾಗಿ ಕೂತು ಓದ್ತಾರೆ?”

“ಓದಿದ್ರ ಏನು ಗಂಟು ಹೋಗ್ತಿತ್ರಿ ಅವನ್ದು?”

ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ನಗುವಾಗ ಅವರ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಹೆಚ್ಚು ಮುಚ್ಚಿಕೊಳ್ಳುತ್ತಿತ್ತು. ಅದನ್ನು ಒಮ್ಮೆ ಗಮನಿಸಿದವಳಿಗೆ ಮತ್ತೆ ನೋಡದಿರಲು ಆಗಲಿಲ್ಲ.

ಲೈಬ್ರರಿ ಜಗುಲಿಯೇ ನಮ್ಮ ಜಾಗವಾಯಿತು. ಗೋಡೆಯಾಚೆ ಜೀನ್ಸ್ ಹೊಲಿಯುವ ಮಷಿನ್‌ಗಳ ಸದ್ದು. ನಾನು ಊರಿಂದ ತಂದದ್ದನ್ನು ಮುಂದಿಟ್ಟು, “ಕಡ್ಲೆಕಾಯಿ ತಗೊಳ್ಳಿ” ಎಂದೆ ಒಂದು ದಿನ.

“ಇದಕ್ಕ ಶೇಂಗಾ ಅಂತಾರ್ರಿ.”

“ನಮ್ಮ ಕಡೆ ಬಂದ್ರೆ ಕಡ್ಲೆಕಾಯಿ ಅಂತ್ಲೇ ಅನ್ಬೇಕು.”

“ನಿಮ್ಮ ಕಡೆ ಮೊದ್ಲ ಕರಿಯೋರು ಬೇಕಲ್ರಿ.”

ತಲೆ ಎತ್ತದೆ ಸಿಪ್ಪೆ ಬಿಡಿಸುತ್ತಾ ಹೇಳಿದರು. ಕಿವಿ ಮಾತ್ರ ಕೆಂಪಾಗಿತ್ತು. ಆ ರಾತ್ರಿ ಹಾಸ್ಟೆಲಿನಲ್ಲಿ ನಾನು ಪುಸ್ತಕದ ಒಂದೇ ಪುಟವನ್ನು ಮೂರು ಸಲ ಓದಿದೆ.

ಒಂದು ಭಾನುವಾರ ರೂಮ್‌ಮೇಟ್ ರೇಖಾ ಸುದ್ದಿ ತಂದಳು. “ಸಿದ್ದರಾಮೇಶ್ ಬಳ್ಳಾರಿಗೆ ಹೆಣ್ಣು ನೋಡಾಕ ಹೋಗ್ಯಾರಂತ.”

ಮರುದಿನ ಬೆಳಿಗ್ಗೆ ಅವರು ಜಗುಲಿಗೆ ಓಡಿಬಂದರು, ಏದುಸಿರಿತ್ತು. “ಹೇಮಾ ಅವರೇ, ಒಂದು ಮಾತು ಹೇಳ್ಬೇಕಿತ್ರಿ...”

“ಲೆಸನ್ ಪ್ಲಾನ್ ನಾನೊಬ್ಳೇ ಬರ್ಕೊಂತೀನಿ ಬಿಡಿ.”

“ಹಂಗಲ್ರಿ, ನಿನ್ನೆ...”

ನಾನು ಪುಸ್ತಕ ಎತ್ತಿಕೊಂಡು ಹೊರಟುಬಿಟ್ಟೆ. ಫೋನ್ ಮಾಡಿದರೆ ಕಟ್ ಮಾಡಿದೆ. ಟೀಚಿಂಗ್ ಪ್ರಾಕ್ಟೀಸ್‌ಗೆ ಮಡಕಶಿರಾದ ಶಾಲೆಯನ್ನು ಕೇಳಿ ಪಡೆದು ಹೋದೆ.

ಒಂದು ತಿಂಗಳ ಮೇಲೆ ಪರೀಕ್ಷೆಯ ಪಾಠ, ಅದೇ ಕೆಂಚರಸನದು. ಗಮನಿಸಿ ಬರೆಯಲು ಕಾಲೇಜಿನಿಂದ ಸಹಪಾಠಿಯೊಬ್ಬರು ಬರಬೇಕಿತ್ತು. ಬಂದವರು ಸಿದ್ದರಾಮೇಶ್. ಕೊನೆಯ ಬೆಂಚಿನಲ್ಲಿ ಕೂತರು, ಸ್ವಲ್ಪ ಇಳಿದುಹೋಗಿದ್ದರು.

ನಾನು ಬೋರ್ಡಿನ ಮೇಲೆ ‘ನಾಟಕೀಯ ವ್ಯಂಗ್ಯ’ ಎಂದು ಬರೆದು, ನೋಡುವವರಿಗೆ ತಿಳಿದದ್ದು ಪಾತ್ರಕ್ಕೆ ತಿಳಿಯದಿರುವುದೇ ಇದು ಎಂದು ವಿವರಿಸಿದೆ. ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದಳು.

“ಮಿಸ್, ಯಾರಾದ್ರೂ ಬಂದು ಅವ್ನಿಗೆ ನಿಜ ಹೇಳ್ಬೋದಿತ್ತಲ್ವಾ?”

“ಬಂದಿದ್ರು ಕಣಮ್ಮ. ಅವ್ನೇ ಹೇಳಕ್ಕೆ ಬಿಡ್ಲಿಲ್ಲ.”

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಕೊನೆಯ ಬೆಂಚಿನತ್ತ ನೋಡಿದೆ. ಸಿದ್ದರಾಮೇಶ್ ಬರೆಯುವುದನ್ನು ನಿಲ್ಲಿಸಿದ್ದರು. ಉಳಿದ ಪಾಠ ಹೇಗೆ ಮಾಡಿದೆನೋ ನೆನಪಿಲ್ಲ.

ಪಾಠ ಮುಗಿದ ಮೇಲೆ ಬಸ್ ಸ್ಟ್ಯಾಂಡಿನವರೆಗೂ ಅವರ ಜೊತೆ ನಡೆದೆ. ಅಲ್ಲಿ ನಿಂತು ಕೇಳಿದೆ, “ಆವತ್ತು ಏನೋ ಹೇಳಕ್ಕೆ ಬಂದಿದ್ರಲ್ಲ. ಈಗ ಹೇಳಿ.”

“ಅವ್ವನ ಬಲವಂತಕ್ಕ ಹೋಗಿದ್ದೆ. ನನ್ನ ಮನಸ್ಸಿನ್ಯಾಗ ಬ್ಯಾರೆ ಒಬ್ರು ಅದಾರ ಅಂತ ಆ ಹುಡುಗೀಗೆ ಅಲ್ಲೇ ಹೇಳಿಬಿಟ್ಟೆ. ಅದನ್ನ ನಿಮಗ ಹೇಳಾಕ ಬಂದಿದ್ದೆ.”

“ಈಗ?”

“ನೀವು ಮಾತು ಬಿಟ್ರಿ. ಮನ್ಯಾಗ ಹೂಂ ಅಂದೆ. ಹೋದ ಗುರುವಾರ ನಿಶ್ಚಯ ಆತ್ರಿ.” ಮತ್ತೆ ಅವರೇ ಹೇಳಿದರು, “ಎಲ್ಲಾ ತಿಳಿದೂ ಆಕಿ ಒಪ್ಪ್ಯಾಳ. ಇನ್ನೊಮ್ಮೆ ಬ್ಯಾಡ ಅನ್ನಾಕ ನನ್ನ ಕೈಲಿ ಆಗಂಗಿಲ್ರಿ.”

“ಅನ್ಬಾರ್ದು” ಎಂದೆ. “ಆದ್ರೆ ನಂಗೂ ನೀವಂದ್ರೆ ತುಂಬಾ ಇಷ್ಟ ಇತ್ತು. ಅದು ನಿಮ್ಗೆ ಗೊತ್ತಿರ್ಲಿ.”

ಅವರು ತುಂಬಿದ ಕಣ್ಣು ಒರೆಸಿಕೊಳ್ಳಲಿಲ್ಲ, ಮರೆಮಾಡಲೂ ಇಲ್ಲ.

“ಕಳ್ಯಾಣದುರ್ಗಂ! ಎಕ್ಕಂಡಿ, ಎಕ್ಕಂಡಿ!” ಹತ್ತಿ, ಹತ್ತಿ ಎಂದು ಕಂಡಕ್ಟರ್ ತೆಲುಗಿನಲ್ಲಿ ಕೂಗುತ್ತಿದ್ದ. ಆ ಬಸ್ಸನ್ನು ಇಬ್ಬರೂ ಹೋಗಲು ಬಿಟ್ಟೆವು. ಟೀ ಅಂಗಡಿಯ ಕಲ್ಲಿನ ಮೇಲೆ ಕೂತು ಅವರು ಅಪ್ಪನ ಕುರಿಗಳ ಬಗ್ಗೆ, ಬಳ್ಳಾರಿಯ ಆ ಹುಡುಗಿಗೆ ಓದು ಮುಂದುವರಿಸುವ ಆಸೆ ಇರುವ ಬಗ್ಗೆ ಹೇಳಿದರು. ಕೇಳುತ್ತಾ ಹೋದೆ. ಎಲ್ಲೂ ಅಡ್ಡ ಮಾತಾಡಲಿಲ್ಲ.

ಮುಂದಿನ ಬಸ್ ಬಂತು. ಫುಟ್‌ಬೋರ್ಡ್ ಮೇಲೆ ಕಾಲಿಟ್ಟು ತಿರುಗಿದರು.

“ಬರ್ತೀನ್ರಿ.”

ಹೊರಡುವವರೆಲ್ಲ ಆಡುವ ಮಾತೇ ಅದು.

“ಹೂಂ, ಬನ್ನಿ” ಎಂದೆ.