ಗೇಮಿನಲ್ಲಿ ಇಲ್ಲದ ಬೀದಿ

"ಅರುಣಾ... ಇದು ನಮ್ಮೂರು!"

ಹಾಸನದ ಗೇಮ್ ಡಿಸೈನ್ ತರಬೇತಿ ಕೇಂದ್ರ. ಪರದೆಯ ಮುಂದೆ ತೇಜಶ್ರೀ ಕಣ್ಣರಳಿಸಿ ನಿಂತಳು. ಹೊಳೆದಂಡೆ, ಅರಳಿಕಟ್ಟೆ, ಅರುಣ್‌ಕುಮಾರನ ದೊಡ್ಡಮನೆ... ಎಲ್ಲವೂ ಅವನು ಮಾಡಿದ ಗೇಮಿನೊಳಗಿತ್ತು!

ಇಬ್ಬರದೂ ಹಳೇಕೋಟೆ ಹತ್ತಿರದ ಒಂದೇ ಊರು. ಆದರೆ ಮೊದಲ ಸಲ ಮಾತಾಡಿದ್ದು ಈ ತರಬೇತಿಯಲ್ಲೇ. ಊರಲ್ಲಿ ಅವರ ಬೀದಿಗಳೇ ಬೇರೆ ಬೇರೆ ಅಲ್ಲವೇ!

"ನಿಂಗೋಸ್ಕರ ಮಾಡ್ದೆ ಕಣೇ. ಇದನ್ನ ತೋರ್ಸಿ ಒಂದ್ ಮಾತು ಕೇಳ್ಬೇಕು ಅಂತಿದ್ದೆ."

ಯಾವ ಮಾತೆಂದು ಅವಳಿಗೆ ಗೊತ್ತಿತ್ತು. ನಾಚಿಕೊಂಡೇ ಕೀಲಿ ಒತ್ತುತ್ತಾ, ಗೇಮಿನೊಳಗೆ ತನ್ನ ಬೀದಿಯತ್ತ ನಡೆದಳು.

ಅಲ್ಲಿ ಬರೀ ಕಂದು ಮಸುಕು.

"ನಮ್ಮನೆ ಎಲ್ಲಿದ್ಯೋ?"

"ರೆಸಲ್ಯೂಷನ್ ಕಮ್ಮಿ ಇಟ್ಟಿದೀನಿ. ಚಿತ್ರನ ಚಿಕ್ಕದಾಗಿ ಬಿಡ್ಸಿ ಪರದೆ ಅಗಲಕ್ಕೆ ಎಳೀತದೆ, ಅದ್ಕೇ ಮಸುಕು."

ಅವಳು ರೆಸಲ್ಯೂಷನ್ ಪೂರ್ತಿ ಏರಿಸಿದಳು. ಅತ್ತ ಅರಳಿಮರದ ಒಂದೊಂದು ಎಲೆಯೂ ಸ್ಪಷ್ಟವಾಯಿತು. ಅವಳ ಬೀದಿ ಮಾತ್ರ ಹಾಗೇ ಇತ್ತು.

"ಪಿಕ್ಸೆಲ್ ಎಷ್ಟ್ ಜಾಸ್ತಿ ಮಾಡುದ್ರೂ ಇಲ್ದಿರೋದು ಕಾಣಲ್ಲ ಅರುಣ. ನೀನು ಅದನ್ನ ಮಾಡೇ ಇಲ್ಲ!"

"ಅಂಗಲ್ಲ ತೇಜು... ದೂರದಿಂದ್ಲೇ ನೋಡಿದ್ದು. ಬಣ್ಣ ಬಳ್ದು ಬಿಟ್ಬುಟ್ಟೆ."

"ಒಂದೇ ಊರಲ್ಲಿದ್ಕೊಂಡು... ಒಂದ್ಸಲಾನೂ ನಮ್ ಬೀದಿಗೆ ಬಂದಿಲ್ವಾ?"

ಅವನು ತಲೆ ತಗ್ಗಿಸಿದ.

'ಇವನ ಗೇಮಲ್ಲೇ ನಂಗೆ ಜಾಗ ಇಲ್ಲ. ಇನ್ನು ಮನೇಲಿ ಎಲ್ಲಿಂದ ಬರುತ್ತೆ?' ಕಣ್ಣೊರೆಸಿಕೊಂಡು ಊರಿನ ಬಸ್ಸು ಹತ್ತಿದಳು. ಆಮೇಲೆ ಅವನ ಫೋನ್ ಎತ್ತಲೇ ಇಲ್ಲ. ಪ್ರೀತಿಸಿದವನ ಕಣ್ಣಿಗೇ ಬೀಳದೆ ಹೋದ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಹೇಳಿ!

ಭಾನುವಾರ ಹೊಲದಿಂದ ಬಂದವಳು ಹೊಸ್ತಿಲಲ್ಲೇ ಗಕ್ಕನೆ ನಿಂತಳು. ನಡುಮನೆಯಲ್ಲಿ ಅರುಣ್! ಅವಳ ತಾಯಿ ಮಾದಮ್ಮ ಕೊಟ್ಟ ನೀರು ಕುಡಿಯುತ್ತಿದ್ದ. ಬೀದಿಯ ಜನವೆಲ್ಲ ಇಣುಕುತ್ತಿದ್ದರು.

"ಗೇಮಿಗೆ ಫೋಟೋ ತೆಗ್ಯಕ್ಕೆ ಬಂದ್ಯಾ?"

"ಫೋನ್ ಮನೇಲೇ ಬಿಟ್ಟು ಬಂದಿದೀನಿ. ನಿಮ್ಮವ್ವನ್ನ ಕೇಳಕ್ಕೆ ಬಂದೆ... ನಿನ್ನ ಮದ್ವೆ ಆಗ್ತೀನಿ ಅಂತ."

ಅವಳು ಹೊಸ್ತಿಲು ದಾಟಿ ಒಳಗೆ ಬಂದಳು. "ನಿಮ್ಮನೇಲಿ?"

"ಹೇಳೇ ಬಂದೆ. ಅಪ್ಪ ಬಾಗ್ಲಾಕ್ಕೊಂಡ್ರು."

"ಭಯ ಆಗ್ತಿಲ್ವೇನೋ?"

"ಆಗ್ತದೆ. ಆದ್ರೂ ನೀನು ಎದ್ದೋಗು ಅನ್ನೋಗಂಟ ಇಲ್ಲೇ ಕೂತಿರ್ತೀನಿ."

ತೇಜಶ್ರೀ ಅಡುಗೆಮನೆಯತ್ತ ತಿರುಗಿದಳು.

"ಅವ್ವಾ... ಇವ್ರಿಗೂ ಒಂದು ತಟ್ಟೆ ಇಡು."

ಇವ್ರು! ಅವಳವ್ವ ಅಪ್ಪನನ್ನು ಜೀವನವಿಡೀ ಹಾಗೇ ಕರೆದದ್ದು. ಅರುಣ್ ಥಟ್ಟನೆ ತಲೆಯೆತ್ತಿದ. ಅವನ ಕಣ್ಣು ತುಂಬಿತ್ತು.

"ಏನಂದೆ ತೇಜು?"

"ಕೈ ತೊಳ್ಕಳಿ ಅಂದೆ... ಮುದ್ದೆ ಆರೋಯ್ತದೆ."