ಪರದೇಶದ ಬಾವುಟ

ಹುಲೆಪ್ಪನ ಹೆಣ ಸಿಕ್ಕಿದ್ದು ಅನಗವಾಡಿಯ ಹೊಳೆದಂಡೆಯಲ್ಲಿ, ಜಾಲಿಕಂಟಿಯ ಬುಡಕ್ಕೆ. ಬೆಳಗಿನ ಎಂಟು ಗಂಟೆ. ಮೈತುಂಬ ಮೀನಿನ ಬಲೆ ಸುತ್ತಿಕೊಂಡಿತ್ತು.

ಬೀಳಗಿಯಿಂದ ಫೌಜದಾರ ಸುಪಾರ್ಶ್ವ ಬಂದರು. ಹುಲೆಪ್ಪನ ಹೆಂಡತಿ ತಾರವ್ವ ಹೆಣದ ತಲೆಯ ಹತ್ತಿರ ಕೂತಿದ್ದಳು.

“ಬಲಿ ಕಾಲಿಗೆ ತೊಡಕಿ ಮುಳುಗ್ಯಾನ್ರಿ ಸಾಹೇಬ್ರ,” ಎಂದ ಹುಲೆಪ್ಪನ ಅಣ್ಣ ಗಂಗಾರಾಮ. “ನಸುಕಿನ್ಯಾಗ ಒಬ್ಬನ ಹೋಗಿದ್ದ. ನಾ ಮನ್ಯಾಗ ಮಲಗಿದ್ದೆ.”

“ಖರೆ ಅಲ್ರಿ ಅದು!” ತಾರವ್ವ ತಲೆ ಎತ್ತಿದಳು. “ನಾಳೆ ಮುಂಬೈ ಕೋರ್ಟಿಗೆ ಸಾಕ್ಷಿ ಹೇಳಾಕ ಹೊಂಟಿದ್ರು. ಕೊಂದಾರ್ರಿ. ಯಾರು ಕೊಂದ್ರು ಅಂತ ನನಗ ಗೊತ್ತಾಗಬೇಕು.”

ಸಾಕ್ಷಿಯ ಸಂಗತಿ ಇಡೀ ತಾಲೂಕಿಗೇ ಗೊತ್ತಿತ್ತು. ಮುಂಬೈಯ ಒಬ್ಬ ಸೇಠನ ಯಾಟು ಎಂಬ ಮೋಜಿನ ದೋಣಿಗಳಿಗೆ ಈ ಊರಿನ ಅಂಬಿಗರೇ ಆಳುಗಳು. ಹೋದ ವರ್ಷ, ೧೯೮೫ರಲ್ಲಿ, ಒಂದು ಯಾಟು ಸಮುದ್ರದಲ್ಲಿ ಮುಳುಗಿ ಊರಿನ ಐದು ಜನ ಸತ್ತರು. ಬದುಕಿದವನು ಹುಲೆಪ್ಪ ಒಬ್ಬನೇ. ತಳ ಲಡ್ಡಾಗಿ ಕೊಳೆತ ದೋಣಿ ಅದು. ಬಂದರಿನ ತಪಾಸಣೆಯಲ್ಲಿ ನಪಾಸಾಗಿತ್ತು. ಸೇಠನೇನು ಕಡಿಮೆ ಆಸಾಮಿಯೇ? ಯಾವುದೋ ನಡುಗಡ್ಡೆ ದೇಶದಲ್ಲಿ ಅದನ್ನು ನೋಂದಾಯಿಸಿದ. ದೋಣಿಯ ಮುಖ ನೋಡದೆ ಕಾಗದ ಕೊಡುವ ದೇಶ! ಹಿಂಬದಿಗೆ ಅಲ್ಲಿಯ ಊರಿನ ಹೆಸರು ಬರೆಸಿ, ಅಲ್ಲಿಯ ಬಾವುಟ ಹಾರಿಸಿ, ಬಡವರ ಮಕ್ಕಳನ್ನು ಹತ್ತಿಸಿದ. ಹುಲೆಪ್ಪ ಕೋರ್ಟಿನಲ್ಲಿ ಹೇಳಬೇಕಾಗಿದ್ದದ್ದು ಇದನ್ನೇ.

*

“ಸೇಠನ ಏಜೆಂಟ ಮೊನ್ನಿ ಊರಾಗ ಕಾಣಿಸಿದ್ನಂತ್ರಿ,” ಎಂದ ಪೇದೆ ಗಿರಮಲ್ಲಪ್ಪ. “ಜಮಖಂಡಿ ಲಾಡ್ಜಿನ್ಯಾಗ ಅದಾನ.”

ಜೀಪು ಜಮಖಂಡಿಗೆ ಓಡಿತು. ಏಜೆಂಟ ಸಿಕ್ಕ. ಆದರೆ ನಸುಕಿನಲ್ಲಿ ಅವನು ಲಾಡ್ಜಿನಲ್ಲೇ ಇದ್ದ. ಚಹಾ ಕೊಟ್ಟವನು, ಬಿಸಿನೀರು ಕೊಟ್ಟವನು, ಇಬ್ಬರೂ ಹೇಳಿದರು. ಥೂ, ಬಂದ ದಾರಿಗೆ ಸುಂಕವಿಲ್ಲ!

ಫೌಜದಾರರು ಮತ್ತೆ ಹೊಳೆಗೆ ಬಂದರು. ದಂಡೆಯ ಮೇಲೆ ಹುಲೆಪ್ಪನ ತೊಗಲಿನ ಹರಿಗೋಲು ಬೋರಲಾಗಿ ಬಿದ್ದಿತ್ತು.

“ಇದನ್ನ ಮ್ಯಾಲೆ ಎಳದವರು ಯಾರವ್ವಾ?”

“ಯಾರೂ ಮುಟ್ಟಿಲ್ರಿ. ಎಲ್ಲಾರಕ್ಕಿಂತ ಮೊದಲ ಬಂದಾಕಿ ನಾನ. ಆಗೂ ಹಿಂಗ ಇತ್ತು,” ಎಂದಳು ತಾರವ್ವ.

ಫೌಜದಾರರು ಬೋರಲು ಬಿದ್ದ ಹರಿಗೋಲನ್ನು ಒಮ್ಮೆ ಸುತ್ತಿ ಬಂದರು. ಉತ್ತರ ಸಿಕ್ಕಿತ್ತು; ಸಿಗಬಾರದಿತ್ತು ಅನ್ನಿಸಿತು.

*

“ಗಂಗಾರಾಮ, ಮುಳುಗಿ ಸತ್ತಾಂವ ಎದ್ದು ಬಂದು ತನ್ನ ಹರಗೋಲ ಬೋರಲ ಹಾಕ್ತಾನೇನು?”

ಫೌಜದಾರರು ಹರಿಗೋಲಿನ ತೊಗಲು ತಟ್ಟಿದರು.

“ತೊಗಲು ನೀರಾಗ ನೆಂದ್ರ ಕೊಳೀತೈತಿ. ಅಂಬಿಗ ದಂಡಿಗೆ ಕಾಲಿಟ್ಟಕೂಡ್ಲೆ ಹರಗೋಲ ಎಳದು ಬೋರಲ ಹಾಕ್ತಾನ. ಏಜೆಂಟ ಆಗಿದ್ರ ನೀರಾಗ ಬಿಟ್ಟು ಹೋಗ್ತಿದ್ದ. ಹರಕೊಂಡು ಹೋಗ್ಲಿ ಅಂತ ನೀ ಬಿಟ್ಟಿದ್ರೂ ಆಗ್ತಿತ್ತು, ಎಲ್ಲಾರೂ ನಂಬ್ತಿದ್ರು. ಊರಾಗ ಹರಗೋಲ ಹಿಡಿಯೋ ಗಂಡಸರು ಉಳಿದಿದ್ದು ಇಬ್ಬರ. ಉಳಿದವರು ಒಂದೋ ಸತ್ತಾರ, ಇಲ್ಲ ಸೇಠನ ದೋಣ್ಯಾಗ ಅದಾರ. ಆ ಇಬ್ಬರಾಗ ಒಬ್ಬಾಂವ ಇವತ್ತ ಹೆಣ.”

ಗಂಗಾರಾಮ ಹರಿಗೋಲಿನ ಕಡೆ ನೋಡಿದ.

“ಕೈ ತಾನ ಎಳದು ಬೋರಲ ಹಾಕಿಬಿಡ್ತರಿ... ನನ್ನ ಮಗ ಧರೆಪ್ಪ ಸೇಠನ ಇನ್ನೊಂದು ಯಾಟಿನ್ಯಾಗ ಅದಾನ್ರಿ. ಅದಕ್ಕೂ ಅದ ಬಾವುಟ. ‘ನಿನ್ನ ತಮ್ಮ ಬಾಯಿ ಬಿಟ್ರ ಮಗ ದಂಡಿ ಕಾಣಂಗಿಲ್ಲ’ ಅಂದ್ರಿ ಏಜೆಂಟ. ಬಲಿ ಬೀಸೋಣ ಬಾ ಅಂತ ನಾನ ಕರದೆ. ನಾನ ಬಲಿ ಸುತ್ತಿ ನೀರಾಗ ಅದುಮಿದೆ.”

“ಭಾವಾರ!” ತಾರವ್ವ ಚೀರಿದಳು. “ನನಗೊಂದು ಮಾತು ಹೇಳಿದ್ರ ನಾನ ಅವರನ್ನ ಕೋರ್ಟಿಗೆ ಕಳಸ್ತಿದ್ದಿಲ್ಲಲ್ರಿ!”

*

ಏಜೆಂಟನೂ ಲಾಕಪ್ಪಿಗೆ ಬಿದ್ದ. ಧರೆಪ್ಪನನ್ನು ದೋಣಿಯಿಂದ ಇಳಿಸಿಕೊಳ್ಳಿರೆಂದು ಮುಂಬೈಗೆ ವೈರ್‌ಲೆಸ್ ಹೋಯಿತು. ಸೇಠನನ್ನು ಹಿಡಿಯಿರೆಂದೂ ಹೋಯಿತು.

ಮೂರನೆಯ ದಿನ ಉತ್ತರ ಬಂತು. ಕಾಗದದ ಪ್ರಕಾರ ಸೇಠನಿಗೆ ಯಾವ ದೋಣಿಯೂ ಇಲ್ಲ. ಎರಡೂ ಆ ನಡುಗಡ್ಡೆ ದೇಶದ ಒಂದು ಕಂಪನಿಯವು. ಕಂಪನಿಯ ವಿಳಾಸವೆಂದರೆ ಒಂದು ಅಂಚೆಪೆಟ್ಟಿಗೆ. ಧರೆಪ್ಪನಿದ್ದ ಯಾಟು ಹನ್ನೊಂದು ದಿನಗಳ ಹಿಂದೆಯೇ ಮುಳುಗಿದೆ. ಯಾರೂ ಬದುಕಿಲ್ಲ. ದೋಣಿ ನಮ್ಮ ದೇಶದ್ದಲ್ಲವಾದ್ದರಿಂದ ಇಲ್ಲಿ ಯಾರಿಗೂ ತಿಳಿಸಿರಲಿಲ್ಲ.

ಅಂದರೆ ಏಜೆಂಟ ಅನಗವಾಡಿಗೆ ಬಂದು ಬೆದರಿಸುವ ಮೊದಲೇ ಆ ಹುಡುಗ ಸತ್ತಿದ್ದ.

ಫೌಜದಾರರು ಲಾಕಪ್ಪಿನ ಸರಳಿನ ಮುಂದೆ ನಿಂತು ಕಾಗದವನ್ನು ಓದಿ ಹೇಳಿದರು. ಹೇಳದೆ ಗತಿಯಿರಲಿಲ್ಲ. ಗಂಗಾರಾಮ ತನ್ನ ಎರಡೂ ಕೈ ನೋಡಿಕೊಂಡ.

“ಹಂಗಾದ್ರ ಸಾಹೇಬ್ರ,” ಎಂದ, “ನನ್ನ ತಮ್ಮನ್ನ ನಾ ಯಾಕ ಕೊಂದೆರಿ?”